ದಿವಾನರು ಒಪ್ಪದ ಸಲಹೆ

ನಾಡಿನ ಚರಿತ್ರೆಯಲ್ಲಿ ದೊರೆಗಳ ಹೆಸರು ಉಳಿಯುತ್ತದೆ, ದಿವಾನರ ಹೆಸರು ಉಳಿಯುತ್ತದೆ. ಕೆರೆ ಕಟ್ಟೆಗಳನ್ನು ಕಟ್ಟಿಸಿದವರ ಹೆಸರಂತೂ ಕಲ್ಲಿನ ಮೇಲೆಯೇ ಉಳಿಯುತ್ತದೆ. ಸಮಿತಿಗಳ ಹೆಸರು ಉಳಿಯುವುದು ಮಾತ್ರ ಅಪರೂಪ. ಸಮಿತಿಯೆಂದರೆ ಕಾಲಹರಣಕ್ಕೆ ಸರ್ಕಾರ ಕಂಡುಕೊಂಡ ಉಪಾಯವೆಂಬ ಭಾವನೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಅದಕ್ಕೆ ಕಾರಣವೂ ಸಾಕಷ್ಟಿದೆ ಎನ್ನಿ. ಆದರೆ ಹಳೆಯ ಮೈಸೂರು ಸಂಸ್ಥಾನದಲ್ಲಿ ೧೯೧೮ರಲ್ಲಿ ನೇಮಕವಾದ ಒಂದು ಸಮಿತಿ ಈ ಮಾತಿಗೆ ಹೊರತು. ಅದು ಕೊಟ್ಟ ವರದಿಯಿಂದ ಹುಟ್ಟಿದ ವಾದ ಒಂದು ಶತಮಾನ ಕಳೆದರೂ ಮುಗಿದಿಲ್ಲ. ಅದು ವರದಿ ಕೊಡುವುದಕ್ಕೆ ಮುಂಚೆಯೇ ಈ ನಾಡು ಕಂಡ ಅತ್ಯಂತ ಸಮರ್ಥ ದಿವಾನರೊಬ್ಬರು ಅಧಿಕಾರ ಬಿಟ್ಟು ಹೊರಟರು. ಮಿಲ್ಲರ್ ಸಮಿತಿ ಎಂದು ಅದರ ಹೆಸರು.

ರಾಜನಿಗೆ ಬುದ್ಧಿ ಹೇಳುವವರು ನಮ್ಮಲ್ಲಿ ಹಿಂದೆಯೂ ಇದ್ದರು. ಪಂಚತಂತ್ರವನ್ನು ಕನ್ನಡಕ್ಕೆ ತಂದ ದುರ್ಗಸಿಂಹ ತಾನೇ ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯಾಗಿದ್ದವನು. ಸಿಂಹಕ್ಕೆ ನರಿ ಹೇಳುವ ನೀತಿಯ ಹಿಂದೆ ನರಿಯ ಹೊಟ್ಟೆಪಾಡೂ ಇರುತ್ತದೆಂಬುದನ್ನು ಅವನಷ್ಟು ಬಲ್ಲವರು ಯಾರು? ಮಂತ್ರಿಯ ಸಲಹೆಯ ತೊಡಕೇ ಅದು. ದೊರೆಯ ಅನ್ನ ಉಣ್ಣುವವನು ದೊರೆಗೆ ರುಚಿಸದ ಮಾತನ್ನು ಎಷ್ಟು ದಿನ ಹೇಳಿಯಾನು? ಅಲ್ಲದೆ ಅವನಿಗೆ ಈ ವರ್ಷದ ಕಂದಾಯ, ಈ ವರ್ಷದ ಬರ, ಈ ವರ್ಷದ ದಂಗೆ ಮುಖ್ಯ. ಮುಂದಿನ ಮೂವತ್ತು ವರ್ಷಗಳಲ್ಲಿ ಜನಸಮುದಾಯದ ಒಳಗೆ ಏನಾಗಲಿದೆ ಎಂದು ಕುಳಿತು ಯೋಚಿಸಲು ಅವನಿಗೆ ಪುರಸತ್ತಿಲ್ಲ.

ಈ ಕೊರತೆಯನ್ನು ಚೆನ್ನಾಗಿ ಅರಿತು ಅದಕ್ಕೊಂದು ವ್ಯವಸ್ಥೆ ಮಾಡಿದವರು ಸರ್ ಎಂ. ವಿಶ್ವೇಶ್ವರಯ್ಯನವರೇ ಎಂಬುದು ಈ ಕಥೆಯ ವಿಚಿತ್ರ. ಅವರು ಮುಖ್ಯ ಎಂಜಿನಿಯರಾಗಿದ್ದಾಗಲೇ, ೧೯೧೧ರ ಜೂನ್ ತಿಂಗಳಲ್ಲಿ, ಅವರ ಪ್ರೇರಣೆಯಿಂದ ಮೈಸೂರು ಸಂಪದಭ್ಯುದಯ ಸಮಾಜ ಹುಟ್ಟಿತು. ವ್ಯವಸಾಯ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂದು ಮೂರು ಸಮಿತಿಗಳು. ಅಧಿಕಾರಿಗಳೂ ಅಧಿಕಾರಿಗಳಲ್ಲದವರೂ ಒಟ್ಟಿಗೆ ಕುಳಿತು ದೇಶ ಬಡತನದಿಂದ ಮೇಲೇಳುವ ಬಗೆಯನ್ನು ಕುರಿತು ಸರ್ಕಾರಕ್ಕೆ ಸಲಹೆ ಕೊಡಬೇಕು. ೧೯೧೩ರ ಮೈಸೂರು ಬ್ಯಾಂಕು, ೧೯೧೬ರ ವಿಶ್ವವಿದ್ಯಾನಿಲಯ, ಇವೆಲ್ಲ ಆ ಹುರುಪಿನ ಕಾಲದ ಫಲಗಳು. ಅಷ್ಟೇಕೆ, ೧೯೧೫ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ನಮ್ಮ ಸಾಹಿತ್ಯ ಪರಿಷತ್ತಿನ ಮೂಲವೂ ಅದೇ ಸಂಪದಭ್ಯುದಯ ಸಮಾಜದ ಚರ್ಚೆಗಳಲ್ಲಿದೆ. ಬ್ಯಾಂಕನ್ನೂ ಕಾವ್ಯವನ್ನೂ ಒಂದೇ ಚಾವಡಿಯಲ್ಲಿ ಕುಳಿತು ಯೋಚಿಸಿದ ಆ ಕಾಲವನ್ನು ನೆನೆದಾಗ ಕನ್ನಡ ಮೇಷ್ಟರಿಗೆ ಸ್ವಲ್ಪ ಹೆಮ್ಮೆಯಾದರೆ ತಪ್ಪಲ್ಲ.

ಆದರೆ ಒಂದು ಪ್ರಶ್ನೆ ಆ ಮೂರು ಸಮಿತಿಗಳ ವ್ಯಾಪ್ತಿಗೂ ಬರುವಂಥದಾಗಿರಲಿಲ್ಲ. ಸಂಸ್ಥಾನದ ಅಧಿಕಾರ ಯಾರ ಕೈಯಲ್ಲಿದೆ? ೧೮೮೧ರಲ್ಲಿ ರಾಜ್ಯ ಮತ್ತೆ ಒಡೆಯರಿಗೆ ಬಂದ ಮೇಲೆ ರಂಗಾಚಾರ್ಲು ಅವರಿಂದ ವಿಶ್ವೇಶ್ವರಯ್ಯನವರವರೆಗೆ ದಿವಾನರಲ್ಲಿ ಬಹುತೇಕ ಎಲ್ಲರೂ ಬ್ರಾಹ್ಮಣರು. ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಆ ಸಮುದಾಯಕ್ಕೆ ಗೆಜೆಟೆಡ್ ಹುದ್ದೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸಂದಿತ್ತು. ಇದರಲ್ಲಿ ಒಳಸಂಚು ಏನೂ ಇರಲಿಲ್ಲ. ಇಂಗ್ಲಿಷ್ ಶಾಲೆಗೆ ಮೊದಲು ಹೋದವರು ಕಛೇರಿಗೂ ಮೊದಲು ಹೋದರು. ಕಛೇರಿಯಲ್ಲಿದ್ದವರ ಮಕ್ಕಳು ಮತ್ತೆ ಶಾಲೆಗೆ ಹೋದರು. ಚಕ್ರ ತನ್ನಷ್ಟಕ್ಕೆ ತಾನು ತಿರುಗುತ್ತಿತ್ತು. ತಿರುಗುವ ಚಕ್ರದ ಮೇಲೆ ಕುಳಿತವನಿಗೆ ಅದು ಕಾಣುವುದಿಲ್ಲ, ಅಷ್ಟೆ.

ಕೆಳಗಿದ್ದವರಿಗೆ ಕಂಡಿತು. ನೆರೆಯ ಮದರಾಸಿನಲ್ಲಿ ೧೯೧೬ರಲ್ಲಿ ಬ್ರಾಹ್ಮಣೇತರರ ಚಳವಳಿ ಸಂಘಟಿತ ರೂಪ ಪಡೆಯಿತು. ಮರುವರ್ಷವೇ ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಲಿ ಹುಟ್ಟಿತು. ಲಿಂಗಾಯತ, ಒಕ್ಕಲಿಗ, ಮುಸ್ಲಿಂ ಮುಖಂಡರು ಅದರಲ್ಲಿ ಒಂದಾದರು. ೧೯೧೮ರಲ್ಲಿ ಅವರ ನಿಯೋಗ ನಾಲ್ವಡಿ ಕೃಷ್ಣರಾಜ ಒಡೆಯರ ಬಳಿಗೆ ನೇರವಾಗಿ ಹೋಗಿ ಅಹವಾಲು ಒಪ್ಪಿಸಿತು. ಮಹಾರಾಜರಿಗೆ ಆಗ ಮೂವತ್ತನಾಲ್ಕು ವಯಸ್ಸು. ಅವರು ಆ ಅರಿಕೆಯನ್ನು ದಿವಾನರ ಕಛೇರಿಗೆ ಕಳುಹಿಸಿ ಸುಮ್ಮನಾಗಬಹುದಿತ್ತು. ಟಿಪ್ಪಣಿಯ ಮೇಲೆ ಟಿಪ್ಪಣಿ ಬೆಳೆದು ಕಡತ ಎಲ್ಲೋ ಮಲಗುತ್ತಿತ್ತು. ಹಾಗಾಗಲಿಲ್ಲ. ಅದೇ ಆಗಸ್ಟ್ ತಿಂಗಳಲ್ಲಿ ಸಂಸ್ಥಾನದ ಚೀಫ್ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು.

ಮಿಲ್ಲರ್ ಅವರನ್ನೇ ಏಕೆ ಆರಿಸಿದರು? ಅವರು ಆಂಗ್ಲರು, ಇಲ್ಲಿಯ ಯಾವ ಜಾತಿಗೂ ಸೇರದವರು ಎಂಬುದು ಮೇಲ್ನೋಟದ ಉತ್ತರ. ಅದಕ್ಕಿಂತ ಮುಖ್ಯವಾದದ್ದು ಅವರು ನ್ಯಾಯಾಧೀಶರೆಂಬುದು ಎಂದು ನನಗೆ ತೋರುತ್ತದೆ. ಸಾಕ್ಷ್ಯ ಕೇಳುವುದು, ಎರಡು ಪಕ್ಷದ ವಾದವನ್ನೂ ತೂಗುವುದು, ಕಾರಣ ಬರೆದು ತೀರ್ಪು ಕೊಡುವುದು ಅವರ ದಿನನಿತ್ಯದ ಕೆಲಸ. ದಿವಾನರ ಮುಖ ನೋಡಿ ಮಾತನಾಡಬೇಕಾದ ಅಗತ್ಯ ಅವರಿಗಿರಲಿಲ್ಲ. ಆದರೆ ಸಮಿತಿಯ ಸದಸ್ಯರು ಮಾತ್ರ ಇದೇ ನಾಡಿನವರು, ವಾದದಲ್ಲಿ ಸಿಕ್ಕಿಕೊಂಡ ಸಮುದಾಯಗಳಿಗೇ ಸೇರಿದವರು. ಸ್ವತಂತ್ರ ಸಲಹೆಯೆಂದರೆ ಲೋಕದ ಸಂಪರ್ಕವೇ ಇಲ್ಲದವರ ಸಲಹೆ ಎಂದು ಆಗ ಯಾರೂ ತಿಳಿದಿರಲಿಲ್ಲ.

ಸಮಿತಿಗೆ ಒಪ್ಪಿಸಿದ ವಿಚಾರಗಳನ್ನು ನೋಡಬೇಕು. ಅವುಗಳ ಮಾತುಗಳಲ್ಲಿಯೇ ಎಳೆದಾಟ ಕಾಣುತ್ತದೆ. ನೌಕರಿಗೆ ಸೇರಿಸಿಕೊಳ್ಳುವ ನಿಯಮಗಳಲ್ಲಿ ಬದಲಾವಣೆ ಬೇಕೆ? ಹಿಂದುಳಿದವರ ಉಚ್ಚ ವಿದ್ಯಾಭ್ಯಾಸಕ್ಕೆ ಯಾವ ವಿಶೇಷ ಸೌಕರ್ಯ ಕೊಡಬಹುದು? ದಕ್ಷತೆಗೆ ಹೆಚ್ಚಿನ ಧಕ್ಕೆಯಾಗದಂತೆ ಅವರ ಪ್ರಾತಿನಿಧ್ಯವನ್ನು ಹೆಚ್ಚಿಸುವ ಬಗೆ ಹೇಗೆ? ಇಲ್ಲಿಯವರೆಗೆ ಇದು ದಿವಾನರ ಕಛೇರಿಯ ಧ್ವನಿಯೆನ್ನಬಹುದು. ಆದರೆ ಅದರ ಬೆನ್ನಿಗೇ ಇನ್ನೊಂದು ಮಾತಿದೆ: ವಿದ್ಯೆ ಹೆಚ್ಚು ಜನಕ್ಕೆ ಹರಡುವುದರಿಂದ, ತಮ್ಮ ಅಂತಸ್ತು ಏರಿತೆಂಬ ಭಾವನೆ ಆ ಜನರಲ್ಲಿ ಮೂಡುವುದರಿಂದ ಸಂಸ್ಥಾನಕ್ಕೆ ಆಗುವ ಒಳಿತನ್ನೂ ಗಮನಿಸತಕ್ಕದ್ದು. ಜನರ ಮನಸ್ಸಿನಲ್ಲಿ ಹುಟ್ಟುವ ಒಂದು ಭಾವನೆಯನ್ನು ರಾಜ್ಯದ ಲಾಭವೆಂದು ಲೆಕ್ಕಕ್ಕೆ ಹಿಡಿದ ಸರ್ಕಾರಿ ಕಾಗದ ಆ ಕಾಲಕ್ಕೆ ದೊಡ್ಡ ಸಂಗತಿಯೇ ಸರಿ.

ದಿವಾನರು ಒಪ್ಪಲಿಲ್ಲ. ಅವರ ವಾದವನ್ನು ಜಾತಿಯ ಅಭಿಮಾನವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಇತ್ತೀಚಿನ ರೂಢಿ, ಅದು ನ್ಯಾಯವಲ್ಲ. ವಿದ್ಯೆಯನ್ನು ಹಳ್ಳಿ ಹಳ್ಳಿಗೆ ಹರಡಲು ಅವರಷ್ಟು ದುಡಿದ ದಿವಾನರು ವಿರಳ. ವಿದ್ಯೆ ಹರಡಲಿ, ವಿದ್ಯಾರ್ಥಿವೇತನ ಕೊಡೋಣ, ಯೋಗ್ಯತೆ ಬೆಳೆದ ಹಾಗೆ ಅಧಿಕಾರ ತಾನಾಗಿ ಬರುತ್ತದೆ. ಯೋಗ್ಯತೆಯನ್ನು ಬದಿಗೊತ್ತಿದರೆ ಆಡಳಿತ ಸಡಿಲವಾಗಿ ನಾಡಿನ ಉತ್ಪನ್ನವೇ ಕುಗ್ಗುತ್ತದೆ, ಇದು ಅವರ ನಿಲುವಿನ ತಿರುಳು. ಅಣೆಕಟ್ಟಿನ ಒಂದು ಕಲ್ಲು ದುರ್ಬಲವಾದರೂ ನೀರು ಕ್ಷಮಿಸುವುದಿಲ್ಲವೆಂದು ಬಲ್ಲ ಎಂಜಿನಿಯರು ಹೀಗೆ ಯೋಚಿಸಿದ್ದು ಸಹಜ. ಆದರೆ ಜನಸಮುದಾಯ ಅಣೆಕಟ್ಟಲ್ಲ. ಕಛೇರಿಯ ಬಾಗಿಲು ತನ್ನವರಿಗೆ ಎಂದಿಗೂ ತೆರೆಯದೆಂದು ಬಗೆದ ತಂದೆ ಮಗನನ್ನು ಇಂಗ್ಲಿಷ್ ಶಾಲೆಗೆ ಏಕೆ ಕಳುಹಿಸಿಯಾನು? ವಿದ್ಯೆಯಿಂದ ಹುದ್ದೆ ಎಂಬುದು ಎಷ್ಟು ನಿಜವೋ, ಹುದ್ದೆಯ ಆಸೆಯಿಂದ ವಿದ್ಯೆ ಎಂಬುದೂ ಅಷ್ಟೇ ನಿಜ.

ಸಮಿತಿ ನೇಮಕವಾದ ನಾಲ್ಕು ತಿಂಗಳಲ್ಲಿ, ೧೯೧೮ರ ಡಿಸೆಂಬರಿನಲ್ಲಿ, ವಿಶ್ವೇಶ್ವರಯ್ಯನವರು ದಿವಾನಗಿರಿಯಿಂದ ನಿವೃತ್ತರಾದರು. ಅವರ ಸ್ಥಾನಕ್ಕೆ ಬಂದವರು ಮಹಾರಾಜರ ಸೋದರಮಾವ ಕಾಂತರಾಜ ಅರಸು. ಸಲಹೆ ಕೇಳಿದ್ದಕ್ಕೆ ಮಹಾರಾಜರು ತೆತ್ತ ಬೆಲೆ ಸಣ್ಣದಲ್ಲ: ಕನ್ನಂಬಾಡಿ ಕಟ್ಟೆಯ ಕೆಲಸ ಇನ್ನೂ ನಡೆಯುತ್ತಿತ್ತು, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇನ್ನೂ ಕೆಲಸ ಮಾಡುವ ಸ್ಥಿತಿಗೆ ಬಂದಿರಲಿಲ್ಲ.

೧೯೧೯ರಲ್ಲಿ ವರದಿ ಬಂದಿತು. ಏಳು ವರ್ಷಗಳ ಒಳಗೆ ಮೇಲಿನ ದರ್ಜೆಯ ಹುದ್ದೆಗಳಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಂತೆ, ಕೆಳಗಿನ ದರ್ಜೆಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಂತೆ ಬ್ರಾಹ್ಮಣೇತರರು ಇರಬೇಕು. ಇದಕ್ಕೆ ಆಧಾರವಾಗಿ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳು ಬೇಕು. ವರದಿಯ ಜೀವಾಳ ಅಂಕಿಗಳಲ್ಲ, ದಕ್ಷತೆಯನ್ನು ಕುರಿತ ಅದರ ವಿಚಾರ. ಅಧಿಕಾರಿಯ ದಕ್ಷತೆಯನ್ನು ಪರೀಕ್ಷೆಯ ಅಂಕಗಳಿಂದಲೇ ಅಳೆಯಲಾಗದು. ಜನರ ಮೇಲಿನ ಸಹಾನುಭೂತಿ, ಪ್ರಾಮಾಣಿಕತೆ, ಚಟುವಟಿಕೆ, ಸಾಮಾನ್ಯ ತಿಳಿವಳಿಕೆ ಇವೂ ಆಡಳಿತದ ಅನೇಕ ಶಾಖೆಗಳಲ್ಲಿ ಓದಿನಷ್ಟೇ ಬೆಲೆಯುಳ್ಳವು ಎಂದು ಸಮಿತಿ ವಾದಿಸಿತು. ಅಮಲ್ದಾರರ ಮುಂದೆ ಕೈಕಟ್ಟಿ ನಿಂತು ಅನುಭವವಿದ್ದ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ದಿವಾನರ ವಾದದ ಬುಡಕ್ಕೇ ಕೈಹಾಕಿದ ಮಾತು ಇದು: ದಕ್ಷತೆ ಬೇಡವೆಂದು ಹೇಳಲಿಲ್ಲ, ದಕ್ಷತೆಯೆಂದರೇನು ಎಂದು ಕೇಳಿತು.

ವರದಿಯಲ್ಲಿ ಕುಂದಿಲ್ಲವೆಂದಲ್ಲ. ಬ್ರಾಹ್ಮಣರನ್ನು ಬಿಟ್ಟು ಉಳಿದವರನ್ನೆಲ್ಲ ಒಂದೇ ಗಂಟಿನಲ್ಲಿ ಕಟ್ಟಿತು. ನೂರಾರು ಎಕರೆಯ ಗೌಡನೂ, ಪೇಟೆಯ ವರ್ತಕನೂ, ಊರ ಹೊರಗಿನ ಕೇರಿಯ ಕೂಲಿಯೂ ಒಂದೇ ಪಂಕ್ತಿ. ಅತ್ಯಂತ ಕೆಳಗೆ ತುಳಿಯಲ್ಪಟ್ಟವರಿಗೆ ಮೊದಲ ಆದ್ಯತೆಯೇನೋ ಇತ್ತು. ಆದರೆ ಅವರಲ್ಲಿ ತಕ್ಕ ಅರ್ಹತೆಯುಳ್ಳವರು ಸಿಕ್ಕರೆ ಎಂಬ ಷರತ್ತಿನೊಡನೆ. ಆ ‘ಸಿಕ್ಕರೆ’ ಎಂಬ ಮೂರಕ್ಷರದಲ್ಲಿ ಎಷ್ಟು ತಲೆಮಾರುಗಳು ಕಾಯಬೇಕಾಯಿತೋ! ಶಾಲೆಯ ಒಳಗೇ ಸೇರಿಸದಿದ್ದ ಹುಡುಗ ಅರ್ಹನಾಗಿ ಸಿಕ್ಕುವುದು ಎಲ್ಲಿ?

೧೯೨೧ರಲ್ಲಿ ಸರ್ಕಾರ ಶಿಫಾರಸುಗಳನ್ನು ಬಹುಮಟ್ಟಿಗೆ ಒಪ್ಪಿ ಆಜ್ಞೆ ಹೊರಡಿಸಿತು. ಕೇಳಿದ ದಿನದಿಂದ ಆಜ್ಞೆಯವರೆಗೆ ಮೂರು ವರ್ಷವೂ ಪೂರ್ತಿಯಾಗಿರಲಿಲ್ಲ. ಮುಂದಿನ ಕಾಲದೊಡನೆ ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. ೧೯೬೦ರಲ್ಲಿ ನಾಗನಗೌಡ ಸಮಿತಿ ಬಂದಿತು. ಅದರ ಬೆನ್ನಿಗೆ ಎಂಜಿನಿಯರಿಂಗ್ ಮತ್ತು ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ ೬೮ ಸ್ಥಾನಗಳನ್ನು ಮೀಸಲಿಟ್ಟ ಸರ್ಕಾರದ ಆಜ್ಞೆಯನ್ನು ೧೯೬೨ರಲ್ಲಿ ಸುಪ್ರೀಂ ಕೋರ್ಟು ರದ್ದುಪಡಿಸಿತು. ಮಿಲ್ಲರ್ ಕಟ್ಟಿದ ಗಂಟನ್ನು ಬಿಚ್ಚಿ ಒಳಗಿನ ಎಳೆಗಳನ್ನು ಶ್ರದ್ಧೆಯಿಂದ ಬೇರ್ಪಡಿಸಿದ್ದು ೧೯೭೨ರಲ್ಲಿ ದೇವರಾಜ ಅರಸರ ಸರ್ಕಾರ ನೇಮಿಸಿದ, ೧೯೭೫ರಲ್ಲಿ ವರದಿ ಕೊಟ್ಟ ಎಲ್. ಜಿ. ಹಾವನೂರರ ಆಯೋಗ. ೧೯೮೬ರಲ್ಲಿ ವೆಂಕಟಸ್ವಾಮಿ ಆಯೋಗದ ವರದಿ ದೊಡ್ಡ ಸಮುದಾಯಗಳಿಗೆ ಕಹಿಯಾಯಿತು. ಸರ್ಕಾರ ಅದನ್ನು ಕೈಬಿಟ್ಟಿತು. ೧೯೯೦ರಲ್ಲಿ ಚಿನ್ನಪ್ಪರೆಡ್ಡಿ ಆಯೋಗದ ವರದಿ. ೨೦೧೫ರಲ್ಲಿ ಮನೆಮನೆಗೂ ಹೋಗಿ ನಡೆಸಿದ ಸಮೀಕ್ಷೆಯ ವರದಿ ಸರ್ಕಾರದ ಕೈಸೇರಿದ್ದು ೨೦೨೪ರ ಫೆಬ್ರುವರಿಯಲ್ಲಿ. ೨೦೨೫ರಲ್ಲಿ, ಮತ್ತೊಂದು ಸಮೀಕ್ಷೆಯೇ ಆಗಲಿ ಎಂದು ತೀರ್ಮಾನವಾಯಿತು. ಸಲಹೆ ಕೇಳುವ ಉತ್ಸಾಹಕ್ಕೆ ನಮ್ಮಲ್ಲಿ ಎಂದೂ ಬರವಿಲ್ಲ. ಬಂದ ಸಲಹೆ ತಮ್ಮ ಬೆಂಬಲಿಗರಿಗೆ ಕಹಿಯಾದಾಗ ಅದನ್ನು ಎದುರಿಗಿಟ್ಟುಕೊಂಡು ಕೂರುವ ಧೈರ್ಯಕ್ಕೆ ಬರ.

ವಿಶ್ವೇಶ್ವರಯ್ಯನವರ ಮುಂದಿನ ಕಥೆ ಹೇಳದೆ ಬಿಡುವಂತಿಲ್ಲ. ಅವರು ಮುನಿಸಿಕೊಂಡು ದೂರವೇ ಉಳಿಯಲಿಲ್ಲ. ಮಹಾರಾಜರೂ ಅವರನ್ನು ಮರೆಯಲಿಲ್ಲ. ಭದ್ರಾವತಿಯ ಕಾರ್ಖಾನೆ ನಷ್ಟದಲ್ಲಿ ಮುಳುಗುವಂತಾದಾಗ, ೧೯೨೩ರಲ್ಲಿ, ಅದರ ಆಡಳಿತ ಮಂಡಲಿಯ ಅಧ್ಯಕ್ಷತೆಗೆ ಅವರನ್ನೇ ಕರೆದರು. ಅವರು ಬಂದು ೧೯೨೯ರವರೆಗೆ ದುಡಿದರು. ಒಬ್ಬರ ಸಲಹೆಯನ್ನು ಒಂದು ವಿಷಯದಲ್ಲಿ ತಳ್ಳಿದ ದೊರೆ ಇನ್ನೊಂದು ವಿಷಯದಲ್ಲಿ ಅದನ್ನೇ ಬೇಡಿ ಪಡೆದನೆಂಬುದು ಇಬ್ಬರಿಗೂ ಗೌರವ ತರುವ ಮಾತು. ಹುದ್ದೆಯ ಪ್ರಶ್ನೆಯಲ್ಲಿ ಮಾತ್ರ ವಿಶ್ವೇಶ್ವರಯ್ಯನವರ ಮನಸ್ಸು ಬದಲಾಗಲಿಲ್ಲ. ತೊಂಬತ್ತರ ವಯಸ್ಸಿನಲ್ಲಿ, ೧೯೫೧ರಲ್ಲಿ, ಪ್ರಕಟಿಸಿದ ತಮ್ಮ ವೃತ್ತಿಜೀವನದ ನೆನಪುಗಳಲ್ಲಿಯೂ ಅವರು ಹಳೆಯ ನಿಲುವನ್ನೇ ಹೇಳಿದ್ದಾರೆ. ಹಿಂದುಳಿದವರಿಗಾಗಿ ರಾಜ್ಯವು ವಿಶೇಷ ಏರ್ಪಾಡು ಮಾಡಬಹುದೆಂಬ ನಾಲ್ಕನೆಯ ಉಪವಿಧಿಯನ್ನು ಭಾರತದ ಸಂಸತ್ತು ಸಂವಿಧಾನದ ಹದಿನೈದನೆಯ ವಿಧಿಗೆ ಸೇರಿಸಿದ್ದೂ ಅದೇ ೧೯೫೧ರಲ್ಲಿ.