ಎದೆನೋವಿಗೂ ಉಂಟು ಊರಿನ ಲೆಕ್ಕ

ಹೈದರಾಬಾದಿನ ಸಾಲಾರ್ ಜಂಗ್ ಜಹಗೀರಿನಲ್ಲಿದ್ದ ಯಲಬುರ್ಗಾ 1956ರಲ್ಲಿ ರಾಯಚೂರು ಜಿಲ್ಲೆಯ ಜೊತೆ ಮೈಸೂರು ರಾಜ್ಯ ಸೇರಿತು. ಮರುವರ್ಷ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾಯಿತು. ಯಲಬುರ್ಗಾದಿಂದ ಅಲ್ಲಿಗೆ ನೂರು ಕಿಲೋಮೀಟರ್ ಆಸುಪಾಸು. ಎದೆ ಹಿಡಿದುಕೊಂಡವರಿಗೆ ಅದು ಬಲು ದೂರದ ದಾರಿ.

ರಕ್ತನಾಳ ಕಟ್ಟಿಕೊಂಡರೆ ಹೃದಯದ ಸ್ನಾಯು ಗಂಟೆಗಂಟೆಗೂ ಸಾಯುತ್ತ ಹೋಗುತ್ತದೆ. ಹಾಗಾಗಿ ಬೆಂಗಳೂರಿನ ಎದೆನೋವಿಗೂ ಒಣಬೇಸಾಯದ ಈ ತಾಲ್ಲೂಕಿನ ಎದೆನೋವಿಗೂ ಒಂದೇ ಫಲಿತಾಂಶ ಸಿಗುತ್ತಿರಲಿಲ್ಲ.

1997ರಲ್ಲಿ ಯಲಬುರ್ಗಾವನ್ನೂ ಒಳಗೊಂಡು ಕೊಪ್ಪಳ ಜಿಲ್ಲೆಯಾಯಿತು. 2008ರಲ್ಲಿ 108 ಆಂಬುಲೆನ್ಸ್ ಬಂತು. ಬಿಪಿಎಲ್ ಕುಟುಂಬಗಳಿಗೆ ಹೃದಯ ಶಸ್ತ್ರಚಿಕಿತ್ಸೆಯನ್ನೂ ಉಚಿತವಾಗಿಸಿದ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಜಾರಿಯಾದದ್ದು ಯಲಬುರ್ಗಾ ಸೇರಿರುವ ಕಲಬುರಗಿ ವಿಭಾಗದಲ್ಲಿ. ಯೋಜನೆ ಮೊದಲು ತಲುಪಿದ ಉತ್ತರದ ಹಳ್ಳಿಗಳನ್ನು ಇನ್ನೂ ತಲುಪದ ಪಕ್ಕದ ಹಳ್ಳಿಗಳೊಂದಿಗೆ ಹೋಲಿಸಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಯ ಕಾಯಿಲೆಗಳಿಂದಾದ ಸಾವು ಯೋಜನೆ ತಲುಪಿದ ಹಳ್ಳಿಗಳ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆಯಿತ್ತು. ಗಡಿಯ ಯಾವ ಬದಿಯಲ್ಲಿ ಮನೆಯಿದೆ ಎಂಬುದೇ ಬದುಕುವ ಅವಕಾಶವನ್ನು ಬದಲಿಸಿತ್ತು.

ಕೊಪ್ಪಳದಲ್ಲಿ 2015ರಲ್ಲಿ ವೈದ್ಯಕೀಯ ಕಾಲೇಜು ಬಂತು. 2023ರಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಶುರುವಾಯಿತು. ಇದರಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ. ತೀವ್ರ ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ರೋಗಿಯ ತೂಕ ನೋಡಿ ಪ್ರಮಾಣ ಗೊತ್ತುಮಾಡಿ, ಒಂದೇ ಸಲಕ್ಕೆ ರಕ್ತನಾಳಕ್ಕೆ ಹಾಕುವ ಔಷಧಿ ಇದು.

ಅದಾದ ಮೇಲೂ ಆಂಜಿಯೋಗ್ರಾಂ, ಬೇಕಾದರೆ ಸ್ಟೆಂಟ್, ಕ್ಯಾಥ್‌ಲ್ಯಾಬ್ ಇರುವ ಊರಿನಲ್ಲೇ ಆಗಬೇಕು. ಯಲಬುರ್ಗಾದ ರೋಗಿಗೆ ಆ ಎರಡನೆಯ ಪ್ರಯಾಣವೂ ಹತ್ತಿರವಾಗಬೇಕಿದೆ.