ಲೈಂಗಿಕ ಅಪರಾಧಿಗಳ ಚಿಕಿತ್ಸಾ ಕಾರ್ಯಕ್ರಮ, ಇಂಗ್ಲೆಂಡ್ ಮತ್ತು ವೇಲ್ಸ್

ಲೈಂಗಿಕ ಅಪರಾಧಕ್ಕೆ ಶಿಕ್ಷೆಗೊಳಗಾದ ಪುರುಷರು ಬಿಡುಗಡೆಯ ಬಳಿಕ ಮತ್ತೆ ಅಂಥದೇ ಕೃತ್ಯಕ್ಕೆ ಇಳಿಯದಂತೆ ತಡೆಯಲು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸೆರೆಮನೆಗಳಲ್ಲಿ 1991ರಿಂದ 2017ರವರೆಗೆ ನಡೆದ ಮನೋಚಿಕಿತ್ಸಾ ಯೋಜನೆ. ತೀವ್ರ ಮನೋರೋಗವಿರುವ ಕೈದಿಯನ್ನು ಅಲ್ಲಿ 1983ರ ಮಾನಸಿಕ ಆರೋಗ್ಯ ಕಾಯ್ದೆಯಡಿ ಆಸ್ಪತ್ರೆಗೆ ವರ್ಗಾಯಿಸಬಹುದು. ಆದರೆ ಇಂಥ ಅಪರಾಧ ಎಸಗಿದವರಲ್ಲಿ ಹೆಚ್ಚಿನವರಿಗೆ ಆ ಬಗೆಯ ಕಾಯಿಲೆ ಇರುವುದಿಲ್ಲ. ಈ ಕಾರ್ಯಕ್ರಮ ರೂಪುಗೊಂಡದ್ದು ಅವರಿಗಾಗಿ.

ಆಲೋಚನೆ ತಿದ್ದಿದರೆ ವರ್ತನೆಯೂ ಬದಲಾಗುತ್ತದೆ ಎಂಬ ತತ್ವವೇ ಇದರ ಆಧಾರ. ಕೈದಿಗಳು ಗುಂಪಿನಲ್ಲಿ ಕುಳಿತು ತಮ್ಮ ಅಪರಾಧವನ್ನು ವಿವರವಾಗಿ ಹೇಳಬೇಕಿತ್ತು, ಕೊಡುತ್ತಿದ್ದ ಸಬೂಬುಗಳನ್ನು ಒರೆಗೆ ಹಚ್ಚಬೇಕಿತ್ತು, ಸಂತ್ರಸ್ತರ ನೋವನ್ನು ಅವರ ಕಡೆಯಿಂದ ನೋಡಲು ಕಲಿಯಬೇಕಿತ್ತು. ಮೂಲ ಪಠ್ಯಕ್ರಮವೇ ಸುಮಾರು 180 ಗಂಟೆಗಳದು. ಗುಂಪುಗಳನ್ನು ನಡೆಸುತ್ತಿದ್ದವರಲ್ಲಿ ಮನಶ್ಶಾಸ್ತ್ರಜ್ಞರಲ್ಲದೆ ತರಬೇತಿ ಪಡೆದ ಸೆರೆಮನೆ ಸಿಬ್ಬಂದಿಯೂ ಇದ್ದರು.

2017ರ ಜೂನ್‌ನಲ್ಲಿ ಬ್ರಿಟನ್ನಿನ ನ್ಯಾಯ ಸಚಿವಾಲಯ ಪ್ರಕಟಿಸಿದ ಮೌಲ್ಯಮಾಪನ ಎಲ್ಲರನ್ನೂ ಬೆಚ್ಚಿಬೀಳಿಸಿತು. 2000 ಮತ್ತು 2012ರ ನಡುವೆ ಕಾರ್ಯಕ್ರಮಕ್ಕೆ ಒಳಗಾದ 2,562 ಮಂದಿಯನ್ನು, ಒಳಗಾಗದ 13,219 ಮಂದಿಯೊಂದಿಗೆ ಹೋಲಿಸಲಾಗಿತ್ತು. ಸರಾಸರಿ 8.2 ವರ್ಷಗಳಲ್ಲಿ ಮತ್ತೆ ಲೈಂಗಿಕ ಅಪರಾಧ ಮಾಡಿದವರು ಮೊದಲ ಗುಂಪಿನಲ್ಲಿ ಶೇ 10, ಎರಡನೆಯದರಲ್ಲಿ ಶೇ 8. ಅಂದರೆ ಚಿಕಿತ್ಸೆ ಪಡೆದವರೇ ತುಸು ಹೆಚ್ಚು. ವರದಿ ಹೊರಬೀಳುವ ಮೊದಲೇ, ಮಾರ್ಚ್‌ನಲ್ಲಿ, ಕಾರ್ಯಕ್ರಮವನ್ನು ನಿಲ್ಲಿಸಲಾಗಿತ್ತು.

ಕಾರಣಗಳ ಬಗ್ಗೆ ಚರ್ಚೆ ಮುಗಿದಿಲ್ಲ. ಅಪರಾಧದ ಕಥನವನ್ನು ಗುಂಪಿನಲ್ಲಿ ಪದೇಪದೇ ಕೇಳುತ್ತ ಅದು ಸಹಜವೆನಿಸಿಬಿಡುವ ಅಪಾಯವಿದೆ ಎಂದು ವರದಿಯೇ ಶಂಕಿಸಿತು. ಅಲ್ಲದೆ ಈ ಮೌಲ್ಯಮಾಪನ ಚೀಟಿ ಎತ್ತಿ ಗುಂಪು ವಿಂಗಡಿಸಿದ ಪ್ರಯೋಗವಾಗಿರಲಿಲ್ಲ. ಹಲವಾರು ಅಂಶಗಳನ್ನು ತಾಳೆಹಾಕಿದ್ದರೂ, ಎರಡೂ ಕಡೆಯವರ ಲೈಂಗಿಕ ಒಲವಿನಂಥ ಒಳಗಿನ ವ್ಯತ್ಯಾಸಗಳು ಲೆಕ್ಕಕ್ಕೆ ಸಿಗದೆ ಹೋಗಿರಬಹುದು. ಏನೇ ಇರಲಿ, ಫಲಿತಾಂಶವನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಅಳೆದು ನೋಡಲು ಕಾಲು ಶತಮಾನ ಹಿಡಿದದ್ದು ಗಂಭೀರ ಲೋಪ. ಅಷ್ಟೂ ವರ್ಷ ಪೆರೋಲ್ ಮಂಡಳಿಯ ಮುಂದೆ ಈ ಕಾರ್ಯಕ್ರಮ ಮುಗಿಸಿದ್ದಕ್ಕೆ ತೂಕವಿತ್ತು.

ಇದರಿಂದ ಚಿಕಿತ್ಸೆಯೇ ವ್ಯರ್ಥವೆಂದು ತೀರ್ಮಾನಿಸುವುದು ಸರಿಯಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಮನಶ್ಶಾಸ್ತ್ರಜ್ಞೆ ಥೆರೆಸಾ ಗ್ಯಾನನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ ಲೈಂಗಿಕ ಮರುಅಪರಾಧದ ಪ್ರಮಾಣ ಚಿಕಿತ್ಸೆ ಪಡೆದವರಲ್ಲಿ ಶೇ 9.5, ಪಡೆಯದವರಲ್ಲಿ ಶೇ 14.1 ಇತ್ತು. ಅರ್ಹ ಮನಶ್ಶಾಸ್ತ್ರಜ್ಞರು ಸತತವಾಗಿ ಹಾಜರಿದ್ದ ಕಡೆ ಫಲ ಇನ್ನೂ ಚೆನ್ನಾಗಿತ್ತು. ಚಿಕಿತ್ಸೆ ಬೇಕೇ ಬೇಡವೇ ಎಂಬುದಕ್ಕಿಂತ ಯಾರು, ಯಾರಿಗೆ, ಹೇಗೆ ಕೊಡುತ್ತಾರೆ ಎಂಬುದು ಮುಖ್ಯ.

ಹಳೆಯದರ ಜಾಗಕ್ಕೆ ಎರಡು ಕಾರ್ಯಕ್ರಮಗಳು ಬಂದವು: ಮಧ್ಯಮ ಅಪಾಯದವರಿಗೆ ಹೊರೈಜನ್, ಹೆಚ್ಚಿನ ಅಪಾಯದವರಿಗೆ ಕೈಜೆನ್. ಹೊರೈಜನ್‌ನಲ್ಲಿ ಅಪರಾಧವನ್ನು ಬಿಡಿಸಿ ಹೇಳಬೇಕೆಂಬ ಕಟ್ಟುಪಾಡಿರಲಿಲ್ಲ. ತಪ್ಪನ್ನು ಒಪ್ಪದವರೂ ಸೇರಬಹುದಿತ್ತು. ಭಾವನೆಗಳನ್ನು ಹತೋಟಿಯಲ್ಲಿಡುವುದು, ಸಂಬಂಧಗಳನ್ನು ನಿಭಾಯಿಸುವುದು, ಮುಂದಿನ ಬದುಕಿಗೆ ಗುರಿ ಕಂಡುಕೊಳ್ಳುವುದು ಅಲ್ಲಿನ ಪಾಠಗಳಾಗಿದ್ದವು. ಲೈಂಗಿಕ ಯೋಚನೆಗಳು ಬಿಡದೆ ಕಾಡುವ ಕೈದಿಗಳಿಗೆ, ಅವರು ಒಪ್ಪಿದರೆ ಮಾತ್ರ, ನಾಟಿಂಗ್‌ಹ್ಯಾಮ್‌ಶೈರ್‌ನ ವಾಟನ್ ಸೆರೆಮನೆಯಲ್ಲಿ ಔಷಧ ಚಿಕಿತ್ಸೆಯೂ ನಡೆದಿದೆ.