ಮ್ಯಾನೇಜರರ ಕುರ್ಚಿ ಮತ್ತು ಕರಾವಳಿಯ ಹೆಣ್ಣುಮಕ್ಕಳು

ನಮ್ಮ ಕರಾವಳಿ ಬ್ಯಾಂಕುಗಳ ತೊಟ್ಟಿಲು ಎಂಬ ಮಾತು ಕೇಳಿ ಕೇಳಿ ಸವೆದುಹೋಗಿದೆ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎನಿಸಿತು. 1925ರಲ್ಲಿ ಅದೇ ಊರಿನಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಈ ಮೂವರು ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕಾಗಿ ಮಣಿಪಾಲದಲ್ಲಿ ನೆಲೆಯೂರಿತು. ಈ ಚರಿತ್ರೆಯನ್ನು ಬರೆದವರು ಸ್ಥಾಪಕರ ದೂರದೃಷ್ಟಿಯನ್ನು ಮನಸಾರೆ ಕೊಂಡಾಡಿದ್ದಾರೆ, ಅದು ಸರಿಯೇ. ಆದರೆ ಆ ಬ್ಯಾಂಕುಗಳಲ್ಲಿ ಮ್ಯಾನೇಜರರ ಕುರ್ಚಿಯನ್ನು ಹೆಣ್ಣುಮಕ್ಕಳು ತಲುಪಿದ ಬಗೆಯನ್ನು ಹೇಳುವವರು ಕಡಿಮೆ. ಅಧಿಕಾರಿಯಾಗಿ ಅಂಥದೊಂದು ಬ್ಯಾಂಕಿನಲ್ಲಿ ದುಡಿದವಳಾದ್ದರಿಂದ ಆ ಕಥೆಯನ್ನು ಹೇಳುವ ಆಸೆ ನನ್ನದು.

ಯಜಮಾನಿಕೆ ನಮ್ಮ ಸೀಮೆಯ ಹೆಣ್ಣಿಗೆ ಹೊಸತೇನೂ ಅಲ್ಲ. ಅಳಿಯಸಂತಾನ ಕಟ್ಟಿನಲ್ಲಿ ಕುಟುಂಬದ ಹಿರಿಯ ವ್ಯಕ್ತಿ ಗಂಡಾದರೆ ಯಜಮಾನ, ಹೆಣ್ಣಾದರೆ ಯಜಮಾನ್ತಿ. ನೆರೆಯ ಮಲೆಯಾಳದ ಮರುಮಕ್ಕತ್ತಾಯದಲ್ಲಿ ಆಡಳಿತ ಹಿರಿಯ ಗಂಡಸಿಗೇ ಸಲ್ಲುತ್ತಿತ್ತು. ನಮ್ಮಲ್ಲಿ ಹೆಣ್ಣಿಗೂ ಆ ಹಕ್ಕಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆಯೂ ಈ ಕಟ್ಟಿಗೆ ಸಂಬಂಧಿಸಿದ್ದೇ. ಹಾಗೆಂದು ಹಿಗ್ಗಬೇಕಾಗಿಲ್ಲ. ಹೆಸರು ಯಜಮಾನ್ತಿಯದಾದರೂ ಕಚೇರಿ, ಕೋರ್ಟು, ಗೇಣಿಯ ಲೆಕ್ಕಗಳು ಬಹಳ ಮನೆಗಳಲ್ಲಿ ಮಾವನ ಕೈಯಲ್ಲೇ ಉಳಿದಿದ್ದವು. ಪದವಿ ಒಬ್ಬರದು, ತೀರ್ಮಾನ ಇನ್ನೊಬ್ಬರದು ಎಂಬ ಈ ಏರ್ಪಾಡನ್ನು ಮುಂದೆ ಬ್ಯಾಂಕಿನಲ್ಲಿಯೂ ನಾನು ಕಂಡೆ.

ಬ್ಯಾಂಕಿನ ಹಣದ ಮಾತಿಗೆ ಬಂದರೆ, ಅದರಲ್ಲಿ ಹೆಂಗಸರ ಪಾಲು ಮೊದಲಿನಿಂದಲೂ ಇತ್ತು. ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ದಿನಕ್ಕೆ ಎರಡಾಣೆಯಾದರೂ ಸಾಕು, ಏಜೆಂಟನೇ ಮನೆ ಬಾಗಿಲಿಗೆ ಬಂದು ಪಡೆದುಕೊಳ್ಳುತ್ತಿದ್ದ. ಕಾಪುವಿನ ಕಡಲತಡಿಯಲ್ಲಿ ಮೀನು ಮಾರುವ ಹೆಂಗಸರಿಗೂ ಕಾರ್ಕಳದ ಕಡೆ ಬೀಡಿ ಕಟ್ಟುವವರಿಗೂ ಇಂಥ ಉಳಿತಾಯ ಒಗ್ಗುವಂಥದು. ಗಲ್ಲೆಯ ಈಚೆ ಬದಿಗೆ ಹೀಗೆ ಹೆಣ್ಣು ಬಂದಳು; ಆಚೆ ಬದಿಗೆ ಹೋಗಲು ಓದು ಬೇಕಿತ್ತು. ಉಡುಪಿಯಲ್ಲಿ 1949ರಲ್ಲಿ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜು, ಕಾರ್ಕಳದಲ್ಲಿ 1960ರಲ್ಲಿ ಭುವನೇಂದ್ರ ಕಾಲೇಜು ತೆರೆದ ಮೇಲೆ ಮನೆಯಿಂದಲೇ ಹೋಗಿ ಬಂದು ಪದವಿ ಪಡೆಯುವುದು ಹುಡುಗಿಯರಿಗೆ ಸಾಧ್ಯವಾಯಿತು.

1962ರಲ್ಲಿ ಸಿಂಡಿಕೇಟ್ ಬ್ಯಾಂಕು ಬೆಂಗಳೂರಿನ ಶೇಷಾದ್ರಿಪುರದಲ್ಲಿ ಮಹಿಳೆಯರೇ ನಡೆಸುವ ಶಾಖೆಯೊಂದನ್ನು ತೆರೆಯಿತು. ಖಜಾನೆಯ ಕೀಲಿಕೈ ಹೆಂಗಸರ ಸೊಂಟದಲ್ಲಿ ಸುರಕ್ಷಿತವೇ ಎಂದು ಅನುಮಾನಪಡುತ್ತಿದ್ದವರಿಗೆ ಅದು ಉತ್ತರವಾಯಿತು. ಆದರೂ ನನ್ನ ಮನಸ್ಸಿನಲ್ಲಿ ಒಂದು ಅಳುಕು ಉಳಿದಿದೆ. ಹೆಂಗಸರೇ ಇರುವಲ್ಲಿ ಹೆಣ್ಣು ಮೇಲಧಿಕಾರಿಯಾಗುವುದು ಬೇರೆ, ಹತ್ತು ಗಂಡಸರ ಶಾಖೆಯಲ್ಲಿ ಅವಳ ರುಜುವಿಗೆ ಬೆಲೆ ಬರುವುದು ಬೇರೆ.

1969ರ ಜುಲೈಯಲ್ಲಿ ಸಿಂಡಿಕೇಟ್, ಕೆನರಾ ಬ್ಯಾಂಕುಗಳೂ 1980ರಲ್ಲಿ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡವು. ಪರೀಕ್ಷೆ ಬರೆದು ಗೆದ್ದ ಹುಡುಗಿಯರು ಬ್ಯಾಂಕು ಸೇರತೊಡಗಿದರು. ಅವರನ್ನು ಕೂರಿಸಿದ್ದು ಎಲ್ಲಿ? ಉಳಿತಾಯ ಖಾತೆಯ ಕೌಂಟರಿನಲ್ಲಿ. ಸಾಲದ ಅರ್ಜಿಯನ್ನು ತೂಗಿ ನೋಡುವುದು, ಗೋದಾಮಿನ ಸರಕನ್ನು ತಪಾಸಣೆ ಮಾಡುವುದು, ವಸೂಲಿಗಾಗಿ ಹಳ್ಳಿ ಸುತ್ತುವುದು, ಇವೆಲ್ಲ “ನಿಮಗೆ ಯಾಕೆ ತೊಂದರೆ, ಅಕ್ಕಾ” ಎಂಬ ಸೌಜನ್ಯದ ಮಾತಿನೊಡನೆ ಗಂಡಸರ ಪಾಲಿಗೆ ಹೋದವು. ಹತ್ತು ವರ್ಷಗಳ ಮೇಲೆ ಬಡ್ತಿಯ ಸಂದರ್ಶನದಲ್ಲಿ ಕೂತವರು, “ನಿಮಗೆ ಸಾಲದ ವಿಭಾಗದ ಅನುಭವವಿಲ್ಲವಲ್ಲ!” ಎಂದು ವಿಷಾದಿಸುತ್ತಿದ್ದರು. ಆ ವಿಷಾದವನ್ನು ನಾನೂ ಕೇಳಿಸಿಕೊಂಡಿದ್ದೇನೆ. ಅನುಭವವನ್ನು ತಡೆದವರಾರೆಂದು ಯಾರೂ ಕೇಳಲಿಲ್ಲ. ಹೆಂಗಸರಿಗೆ ಆತ್ಮವಿಶ್ವಾಸ ಸಾಲದೆಂದು ಉಪನ್ಯಾಸ ಮಾಡುವವರನ್ನು ಕಂಡಾಗ ನನಗೆ ಈ ಸಂದರ್ಶನದ ಕೊಠಡಿ ನೆನಪಾಗುತ್ತದೆ. ತಾನೇ ಪರಿಶೀಲಿಸಿ, ತಾನೇ ರುಜು ಹಾಕಿ ಕೊಟ್ಟ ಸಾಲ ಕಂತು ತಪ್ಪದೆ ಹಿಂದಿರುಗಿದಾಗ ಹುಟ್ಟುವ ಧೈರ್ಯ ಯಾವ ತರಬೇತಿಯಲ್ಲಿಯೂ ಸಿಕ್ಕುವುದಿಲ್ಲ.

ಕುರ್ಚಿ ದೊರೆತ ಮೇಲೂ, ಅದರಲ್ಲಿ ಕೂತವಳನ್ನು ನೋಡಿ “ಮ್ಯಾನೇಜರ್ ಇಲ್ಲವೋ?” ಎಂದು ಕೇಳುವ ಗ್ರಾಹಕರಿದ್ದರು. ಕೆಲವು ಗೆಳತಿಯರು ದನಿಯನ್ನು ಗಡುಸುಮಾಡಿಕೊಂಡರು, ಗಂಡಸಿನ ವರಸೆ ಕಲಿತರು. ಇನ್ನು ಕೆಲವರು ಅಕ್ಕನಾಗಿಯೇ ಉಳಿದು ಆಡಳಿತ ನಡೆಸಿದರು. ಅವರ ಶಾಖೆಗಳೇನೂ ಮುಳುಗಲಿಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕು ವರ್ಗಾವಣೆಯದು. ಬಡ್ತಿ ಬೇಕೆಂದರೆ ಊರು ಬಿಡಬೇಕು. ಮಣಿಪಾಲದಿಂದ ಉತ್ತರದ ಯಾವುದೋ ಪಟ್ಟಣಕ್ಕೆ ಗಂಡಸು ಹೊರಟರೆ ಸಂಸಾರ ಹಿಂದೆ ಬರುತ್ತದೆ, ಇಲ್ಲವೇ ಮನೆಯಲ್ಲಿ ಅವನಿಗಾಗಿ ಕಾಯುತ್ತದೆ. ಹೆಣ್ಣು ಹೊರಟರೆ ಮಕ್ಕಳ ಶಾಲೆ, ಅತ್ತೆಯ ಮದ್ದು ಎಲ್ಲವೂ ಪ್ರಶ್ನೆಗಳಾಗಿ ನಿಲ್ಲುತ್ತವೆ. ಬಡ್ತಿ ಬೇಡವೆಂದು ಕೈಯಾರೆ ಬರೆದುಕೊಟ್ಟ ಸಮರ್ಥೆಯರನ್ನು ನಾನು ಬಲ್ಲೆ. ಅವರಿಗೆ ಮಹತ್ವಾಕಾಂಕ್ಷೆ ಇರಲಿಲ್ಲವೆಂದು ಕಡತ ಹೇಳೀತು.

2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. 1988ರಲ್ಲಿ ವಿಜಯಾ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ಸೇರಿದ್ದ ಎ. ಮಣಿಮೇಖಲೈ ಅವರು 2022ರ ಜೂನ್‌ನಲ್ಲಿ ಯೂನಿಯನ್ ಬ್ಯಾಂಕಿನ ಆಡಳಿತ ನಿರ್ದೇಶಕಿಯಾದರು. ಹಾಜಿ ಅಬ್ದುಲ್ಲಾ ಸಾಹೇಬರ ಬ್ಯಾಂಕನ್ನು ಒಡಲಲ್ಲಿರಿಸಿಕೊಂಡ ಸಂಸ್ಥೆಯ ಚುಕ್ಕಾಣಿ ಹೀಗೆ ಹೆಣ್ಣಿನ ಕೈಗೆ ಬಂದಾಗ, ಉಡುಪಿಯ ಆ ಮೊದಲ ದಿನದಿಂದ 116 ವರ್ಷಗಳು ಸಂದಿದ್ದವು. ಅದಕ್ಕೂ ಮುಂಚೆ, 2014ರಲ್ಲಿ, ವಿವಾಹಿತೆಯರನ್ನು ಗಂಡನಿರುವ ಊರಿಗೆ, ಅವಿವಾಹಿತೆಯರನ್ನು ತಂದೆತಾಯಿಯರ ಊರಿಗೆ ಆದಷ್ಟು ಹತ್ತಿರದಲ್ಲಿ ನೇಮಿಸಬೇಕೆಂದು ಕೇಂದ್ರ ಸರಕಾರ ಬ್ಯಾಂಕುಗಳಿಗೆ ಸೂಚಿಸಿತ್ತು. ಒಳ್ಳೆಯ ಸೂಚನೆ. ಹೆಂಡತಿ ಮ್ಯಾನೇಜರಾಗಿರುವ ಊರಿಗೆ ಗಂಡನನ್ನು ವರ್ಗಮಾಡುವ ಮಾತು ಮಾತ್ರ ಆ ಸೂಚನೆಯಲ್ಲಿರಲಿಲ್ಲ.